ಪಕ್ಕದಲ್ಲಿರುವುದು ಯಾರು

ಡೊಂಬಿವಲಿ
3 ಆಗಸ್ಟ್ 2025

ವಾಣಿ,

ನೀನು ಐರೋಲಿಯ ಆ ಬಾಡಿಗೆ ಮನೆಗೆ ಹೊರಟಾಗ ನಾನು ಹಾಕಿದ್ದು ಒಂದೇ ಶರತ್ತು: ತಿಂಗಳಿಗೊಂದಾದರೂ ಕಾಗದ, ಅದೂ ಕನ್ನಡದಲ್ಲಿ. ಫೋನಿನಲ್ಲಿ ನೀನು ತುಳುವಿನಲ್ಲಿ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತೀ. ನಾನೂ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳೇ. ಕನ್ನಡ ಅಕ್ಷರ ಕೈಗೆ ಹತ್ತಿದ್ದು ಮದುವೆಯಾದ ಮೇಲೆ, ನಿನ್ನಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಊರಿನ ವಾರಪತ್ರಿಕೆ ಓದುತ್ತ. ಆದ್ದರಿಂದ ತಪ್ಪಿಗೆ ನಾಚಬೇಡ. ನಮ್ಮ ಹೋಟೆಲಿನ ಜಟ್ಟೆಪ್ಪ ನಿಮ್ಮ ಆಫೀಸಿನ ಕ್ಯಾಂಟೀನಿಗೆ ಇಡ್ಲಿ ಹಾಕಲು ಟೆಂಪೋ ತರುವಾಗ ಇದನ್ನು ಕೊಡುತ್ತಾನೆ. ಉತ್ತರವನ್ನೂ ಅವನ ಕೈಯಲ್ಲೇ ಕಳಿಸು.

ಮದುವೆಗೆ ಫೋಟೋಗ್ರಾಫರನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ನೆರೂಲಿನ ಹಾಲ್ ಅಪ್ಪ ನೋಡಿದರು, ಅಡುಗೆಯವರು ಹೇಗೂ ನಮ್ಮವರೇ. "ಫೋಟೋ ಒಂದು ನೀನು ನೋಡು ಮಾರಾಯ್ತಿ, ನನಗೆ ಅದರ ತಲೆಬುಡ ಗೊತ್ತಾಗುವುದಿಲ್ಲ" ಅಂದರು. ನನಗೇನು ಗೊತ್ತು? ನಮ್ಮ ಮದುವೆಯ ಆಲ್ಬಮಿನಲ್ಲಿ ಅರ್ಧಕ್ಕರ್ಧ ನಾನು ಕಣ್ಣು ಮುಚ್ಚಿದ್ದೇನೆ.

ಠಾಣೆಯಲ್ಲೂ ಇಲ್ಲಿಯೂ ಕೆಲವು ಸ್ಟುಡಿಯೋ ಹತ್ತಿಳಿದೆ. ಎಲ್ಲರೂ ಟಿವಿಯಲ್ಲಿ ಹಾಡು ಹಾಕಿ ಡ್ರೋನ್ ತೋರಿಸುತ್ತಾರೆ. ಮೇಲಿನಿಂದ ನೋಡಿದರೆ ಎಲ್ಲರ ಮದುವೆಯೂ ಒಂದೇ: ಹೊಗೆ, ಬಣ್ಣದ ದೀಪ, ನಿಧಾನಕ್ಕೆ ತಿರುಗುವ ಹುಡುಗಿ. "ಒಂದೇ ಮದುವೆಯ ಪೂರ್ತಿ ಆಲ್ಬಮ್ ಕೊಡಿ" ಎಂದು ಕೇಳಿದೆ. ನೂರು ಮದುವೆಯಿಂದ ಆರಿಸಿದರೆ ಯಾರ ಫೋಟೋ ಆದರೂ ಚೆನ್ನಾಗಿಯೇ ಇರುತ್ತದಲ್ಲ. ಹಲವರು ಮುಖ ಮುಖ ನೋಡಿಕೊಂಡರು. ಕಲ್ಯಾಣದ ದಿಲೀಪ ಅನ್ನುವವರು ಮಾತ್ರ ಎದ್ದು ಹೋಗಿ ತಂದುಕೊಟ್ಟರು. ಅದರಲ್ಲಿ ಊಟದ ಪಂಕ್ತಿಯಲ್ಲಿ ಕೂತ ಮುದುಕಿಯೊಬ್ಬಳು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ನಗುವ ಫೋಟೋ ಇತ್ತು. ನೋಡಿದವರಿಗೆ ಅವಳ ಮೇಲೆ ಪ್ರೀತಿಯೇ ಬರಬೇಕು, ಹಾಗಿತ್ತು. ಆತ ಕೇಳಿದ ಮೊದಲ ಪ್ರಶ್ನೆ: "ಕಾಕೂ, ನಿಮ್ಮ ಮನೆಯಲ್ಲಿ ಯಾರಿಗೆ ಯಾರನ್ನು ಕಂಡರೆ ಆಗಲ್ಲ? ಮೊದಲೇ ಹೇಳಿಬಿಡಿ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ನಾನು ಬೈಸಿಕೊಳ್ಳೋದು ಬೇಡ." ನಾನು ನಿನ್ನ ದೊಡ್ಡತ್ತೆಯ ಹೆಸರು ಹೇಳಿದೆ. ಅಪ್ಪನಿಗೆ ಹೇಳಬೇಡ.

ಕಲ್ಯಾಣಕ್ಕೆ ಕರೆದುಕೊಂಡು ಹೋದದ್ದು ಪ್ರಥಮನೇ, ತನ್ನ ಹೋಟೆಲಿನ ಗಲ್ಲಾ ಬಿಟ್ಟು ಬಂದು, ತನ್ನ ಕಾರಿನಲ್ಲಿ. ಮದುಮಗನಾಗುವವನು ಇಷ್ಟು ಆಸಕ್ತಿ ತೋರಿಸುವುದನ್ನು ನಾನು ನೋಡಿಲ್ಲ. "ಅತ್ತೆ, ಪೋಸು ಕೊಟ್ಟದ್ದೆಲ್ಲ ಸುಳ್ಳು. ಅವಳಿಗೆ ಗೊತ್ತಿಲ್ಲದಾಗ ತೆಗೆದದ್ದೇ ನಿಜವಾದ ಫೋಟೋ" ಅಂದ. ನಾನೂ ಹೌದೆಂದೆ, ಫೋಟೋಗ್ರಾಫರ್ ಒಳ್ಳೆಯವನಾದರೆ ಅವನು ಇದ್ದಾನೆ ಅನ್ನುವುದೇ ಗೊತ್ತಾಗಬಾರದು ಅಂದೆ. ಹೊರಡುವಾಗ ದಿಲೀಪರನ್ನು ಬಾಗಿಲಾಚೆ ಕರೆದು ಬಹಳ ಹೊತ್ತು ಮಾತಾಡಿದ. ನಿನಗೇನೋ ಸರ್ಪ್ರೈಸ್ ಅಂತೆ. ನಾನು ಹೇಳಿದೆನೆಂದು ಬಾಯಿಬಿಡಬೇಡ.

ನಿನ್ನ ಅಮ್ಮ,
ಸುಗುಣಾ


ಐರೋಲಿ
19 ಆಗಸ್ಟ್ 2025

ಪ್ರೀತಿಯ ಅಮ್ಮ,

ನಿನ್ನ ಕಾಗದಕ್ಕೆ ಸಾಂಬಾರಿನ ವಾಸನೆ ಇತ್ತು. ಜಟ್ಟೆಪ್ಪ ಅದನ್ನು ಇಡ್ಲಿ ಡಬ್ಬದ ಮೇಲೆ ಇಟ್ಟುಕೊಂಡು ಬಂದಿದ್ದ. "ಅಕ್ಕಾರು ಕೊಟ್ಟಾರ್ರಿ. ಭಾಳ ದಪ್ಪ ಐತಿ, ಏನೇನ್ ಬೈದಾರೋ ಏನೋ" ಅಂತ ಕ್ಯಾಂಟೀನಿನಲ್ಲಿ ಎಲ್ಲರ ಎದುರು ಹೇಳಿದ. ನನ್ನ ಪಕ್ಕದ ಸೀಟಿನ ಸಂಜನಾಗೆ ಈಗ ಕನ್ನಡ ಅಂದರೆ ಬೈಗುಳದ ಭಾಷೆ.

ದಿಲೀಪ್ ಓಕೆ. ಹೋಳಿಗೆ ಅಜ್ಜಿಯ ಫೋಟೋ ನಾನೂ ನೋಡಬೇಕು.

ಸರ್ಪ್ರೈಸ್ ಬಗ್ಗೆ ನಾನು ಏನೂ ಕೇಳಿಲ್ಲ, ಪ್ರಾಮಿಸ್. ಆದರೆ ಪ್ರಥಮ ತುಂಬಾ ಗಮನ ಕೊಡುತ್ತಾನೆ ಅಮ್ಮ. ಮೊನ್ನೆ ನಾನು ಮತ್ತು ಸಂಜನಾ ಸ್ಟೇಷನ್ ಹತ್ತಿರದ ಗಾಡಿಯಲ್ಲಿ ಮಿಸಳ್ ತಿಂದೆವು. ಆಮೇಲೆ ಫೋನ್ ಮಾಡಿದಾಗ ಅವನು ಮೊದಲೇ "ಮಿಸಳ್ ಖಾರ ಇತ್ತಾ?" ಅಂದ. ನಾನು ಹೇಳಿದ್ದೆನಾ? ಹೇಳಿರಬೇಕು. ಇಲ್ಲದಿದ್ದರೆ ಅವನಿಗೆ ಹೇಗೆ ಗೊತ್ತಾಗುತ್ತದೆ? ಸಂಜನಾಗೆ ಹೇಳಿದರೆ "ಕಿತ್ನಾ ರೊಮ್ಯಾಂಟಿಕ್ ಯಾರ್, ನನ್ನವನಿಗೆ ನಾನು ಉಪವಾಸ ಇದ್ದರೂ ಗೊತ್ತಾಗಲ್ಲ" ಅಂದಳು.

ನಾನು ಏನು ತಿಂದೆ ಅಂತ ಇಲ್ಲಿಯವರೆಗೆ ಕೇಳಿದ್ದು ನೀನೊಬ್ಬಳೇ. ಈಗ ಇಬ್ಬರು. ಖುಷಿಯಾಗಬೇಕು ಅಲ್ವಾ? ಆಗಿದೆ.

ನಿನ್ನ ವಾಣಿ


ಡೊಂಬಿವಲಿ
8 ಸೆಪ್ಟೆಂಬರ್ 2025

ವಾಣಿ,

ಫೋನಿನಲ್ಲಿ ಹೇಳಿದೆನಲ್ಲ, ದಿಲೀಪ ಬಿಟ್ಟುಬಿಟ್ಟರು. ಐದು ದಿನದ ಗಣಪತಿಯ ವಿಸರ್ಜನೆ ಮುಗಿದ ಮಾರನೆಯ ದಿನ ಬಂದರು. ಬಾಗಿಲಲ್ಲೇ ನಿಂತು ಅಡ್ವಾನ್ಸ್ ಲಕೋಟೆ ಕೈಗಿಟ್ಟು, "ತಾರೀಕು ಕ್ಲ್ಯಾಶ್ ಆಯಿತು ಕಾಕೂ, ಮಾಫ್ ಕರಾ" ಅಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ತಾರೀಕು ಬರೆದುಕೊಳ್ಳುವಾಗ ಎರಡೆರಡು ಸಲ ಕೇಳಿ ಬರೆದುಕೊಂಡ ಮನುಷ್ಯ.

ಅಪ್ಪ ಇದನ್ನು ಧಂದೆಯ ಲೆಕ್ಕಕ್ಕೆ ಹಾಕಿದರು: ಬೇರೆ ಯಾರೋ ದೊಡ್ಡ ಪಾರ್ಟಿ ಸಿಕ್ಕಿರಬೇಕು. ಪ್ರಥಮನ ಅಮ್ಮ ಕಾಂಚನಕ್ಕ ಠಾಣೆಯ ಕೋಪರಿಯಿಂದ ಫೋನ್ ಮಾಡಿ, ಮದುವೆ ಕೆಲಸದಲ್ಲಿ ಮೊದಲ ವಿಘ್ನ, ಗಣಪತಿಗೆ ಗರಿಕೆ ಅರ್ಚನೆ ಮಾಡಿಸಿ ಅಂದರು. ಮಾಡಿಸಿದೆ. ನನಗೆ ಅದರಿಂದ ಸಮಾಧಾನ ಆಗಲಿಲ್ಲ, ಆದರೆ ಸಮಾಧಾನ ಆಗದಿರುವುದಕ್ಕೆ ಕಾರಣವೂ ಸಿಗಲಿಲ್ಲ. ನಾನು ಸುಮ್ಮನೆ ಎಲ್ಲದರಲ್ಲೂ ಹುಳುಕು ಹುಡುಕುವವಳೇ ಎಂದು ನನ್ನನ್ನೇ ಕೇಳಿಕೊಂಡೆ.

ಈಗ ಠಾಣೆಯ ನೌಪಾಡಾದಲ್ಲಿ ಶ್ರದ್ಧಾ ಅನ್ನುವ ಹುಡುಗಿಯನ್ನು ಗೊತ್ತುಮಾಡಿದ್ದೇವೆ. ಮದುವೆಯ ದಿನ ಖುದ್ದು ನೀವೇ ಬರುತ್ತೀರೋ, ಬೇರೆ ಯಾರನ್ನೋ ಕಳಿಸುತ್ತೀರೋ ಅಂದೆ. "ನಾನೇ. ಆದರೆ ಹುಡುಗಿಯನ್ನು ಭೇಟಿಯಾಗದೆ ಒಪ್ಪಿಕೊಳ್ಳಲ್ಲ ಆಂಟಿ" ಅಂದಳು. ಜೊತೆಗಿದ್ದ ಕಾಂಚನಕ್ಕನಿಗೆ ಸಿಟ್ಟು ಬಂತು. "ಫೋಟೋ ತೆಗಿಲಿಕ್ಕೆ ಹುಡುಗಿಯ ಇಂಟರ್‌ವ್ಯೂ ಎಂತಕ್ಕೆ? ನಾವೇ ಮಾಡ್ಲಿಲ್ಲ!" ಶ್ರದ್ಧಾ ನಗಲಿಲ್ಲ. "ಕೆಲವರು ಕ್ಯಾಮರಾ ಕಂಡರೆ ಹೆದರುತ್ತಾರೆ, ಕೆಲವರು ಬೇರೆ ಏನನ್ನೋ ಕಂಡು ಹೆದರಿರುತ್ತಾರೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೆ" ಅಂದಳು.

ನನಗೆ ಅವಳು ಹಿಡಿಸಿದಳು. ಪ್ರಥಮನಿಗೆ ಅಷ್ಟಕ್ಕಷ್ಟೆ, ಮಾತು ಜಾಸ್ತಿ ಅಂದ. ಆದರೂ ಅವಳ ನಂಬರ್ ತೆಗೆದುಕೊಂಡ. ಮುಂದಿನ ವಾರ ಅವಳು ನಿನ್ನನ್ನು ನೋಡಲು ಬರುತ್ತಾಳೆ. ಹೇಗಿದ್ದೀಯೋ ಹಾಗೇ ಹೋಗು, ಪಾರ್ಲರಿಗೆ ಓಡಬೇಡ.

ಅಮ್ಮ


ಐರೋಲಿ
25 ಸೆಪ್ಟೆಂಬರ್ 2025

ಅಮ್ಮ,

ಶ್ರದ್ಧಾ ಬಂದಿದ್ದಳು. ಚಹಾ ಕುಡಿದೆವು. ಫೋಟೋ ಬಗ್ಗೆ ಹೆಚ್ಚು ಏನೂ ಕೇಳಲಿಲ್ಲ. "ನಿನಗೆ ಸರ್ಪ್ರೈಸ್ ಇಷ್ಟಾನಾ?" ಅಂದಳು. ಏನು ಸರ್ಪ್ರೈಸ್ ಅನ್ನುವುದರ ಮೇಲೆ ಅಂದೆ. ಏನೋ ಹೇಳಲು ಬಾಯಿ ತೆರೆದು, ಇನ್ನೊಂದು ಚಹಾ ಹೇಳಿದಳು. ಹೋಗುವಾಗ "ನನ್ನ ನಂಬರ್ ಇಟ್ಕೋ. ಮದುವೆಗಲ್ಲ, ಹಾಗೇ" ಅಂದಳು. ಎರಡು ದಿನ ಬಿಟ್ಟು ಅವಳೂ ಬರುವುದಿಲ್ಲ ಅಂತ ಅಪ್ಪನಿಗೆ ಮೆಸೇಜ್ ಮಾಡಿದಳಂತೆ. ನಮ್ಮಲ್ಲೇ ಏನಾದರೂ ತಪ್ಪಿದೆಯಾ ಅಮ್ಮ? ಒಬ್ಬರು ಬಿಟ್ಟರೆ ಸರಿ. ಇಬ್ಬರು?

ಪ್ರಥಮನಿಗೆ ಬೇಜಾರೇ ಆಗಲಿಲ್ಲ. ವಾಶಿಯ ಮನೀಶ್ ಅನ್ನುವವನು ಸಿಕ್ಕಿದ್ದಾನಂತೆ. "ಅವನು ಪ್ರಶ್ನೆ ಕೇಳಲ್ಲ, ಕೆಲಸ ಮಾಡ್ತಾನೆ" ಅಂದ. ನನಗೆ ಪರಿಚಯ ಮಾಡಿಸು ಅಂದರೆ, ಮದುವೆ ದಿನ ನೋಡುತ್ತೀಯಲ್ಲ ಅಂದ.

ಇನ್ನೊಂದು ವಿಷಯ. ಫೋನಿನಲ್ಲಿ ಕೇಳಬೇಡ. ಭಾನುವಾರ ನಾವು ಮಾತಾಡುವಾಗ ಫೋನ್ ಸ್ಪೀಕರಿನಲ್ಲಿತ್ತು, ಅವನು ಪಕ್ಕದಲ್ಲಿದ್ದ. ನನ್ನ ಲೊಕೇಶನ್ ಅವನಿಗೆ ಕಾಣಿಸುತ್ತದೆ. ಸೇಫ್ಟಿಗೆ ಅಂತ ನಾನೇ ಒಪ್ಪಿದೆ. ಆಫೀಸಿನವರ ಜೊತೆ ಶೇರ್ ಆಟೋದಲ್ಲಿ ಹೋಗುವುದನ್ನು ನಿಲ್ಲಿಸಿದ್ದೇನೆ. ಅವನು ಬೇಡ ಅನ್ನಲಿಲ್ಲ. "ನಿನಗೆ ಹೇಗೆ ಬೇಕೋ ಹಾಗೆ" ಅಂದ. ಆಮೇಲೆ ಎರಡು ದಿನ ಮಾತಾಡಲಿಲ್ಲ.

ನಿನ್ನ ಕಾಗದವನ್ನೂ ನೋಡಿದ. "ಏನಿದು ಜಿಲೇಬಿ?" ಅಂತ ನಕ್ಕು ವಾಪಸ್ ಕೊಟ್ಟ. ಅವನಿಗೆ ಕನ್ನಡ ಓದಲು ಒಂದಕ್ಷರವೂ ಬರುವುದಿಲ್ಲ. ನೀನು ಹಾಕಿದ ಶರತ್ತು ಒಳ್ಳೆಯದೇ ಆಯಿತು.

ಹೆದರಬೇಡ. ಇದೆಲ್ಲ ಬರೆದಾಗ ದೊಡ್ಡದಾಗಿ ಕಾಣುತ್ತದೆ ಅಷ್ಟೆ.

ವಾಣಿ


ಡೊಂಬಿವಲಿ
9 ಅಕ್ಟೋಬರ್ 2025

ವಾಣಿ,

ಇದನ್ನು ಒಬ್ಬಳೇ ಇರುವಾಗ ಓದು. ಅವನಿಗೆ ಓದಲು ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಯಾರಿಗೂ ಹೇಳದೆ ಕಲ್ಯಾಣಕ್ಕೆ ಹೋಗಿದ್ದೆ. ದಿಲೀಪ ನನ್ನನ್ನು ಕಂಡು ಎದ್ದು ನಿಂತರು. "ಬಸಾ ಕಾಕೂ" ಅಂದು ಕುರ್ಚಿ ಎಳೆದುಕೊಟ್ಟು ಚಹಾ ತರಿಸಿದರು, ಹೊಸ ಲೆನ್ಸಿನ ಬಗ್ಗೆ ಹೇಳಿದರು, ದಸರೆಯ ಬಗ್ಗೆ ಹೇಳಿದರು. ನಾನು ಚಹಾ ಮುಟ್ಟಲಿಲ್ಲ. ಕಡೆಗೆ ಅವರೇ ಎದ್ದು ಬಾಗಿಲು ಮುಚ್ಚಿ ಬಂದು ಹೇಳಿದರು:

"ನಮ್ಮ ಧಂದೆಯಲ್ಲಿ ಮೊದಲು ಕಲಿಸೋದೇ ಇದು ಕಾಕೂ. ಎರಡು ಮನೆಗಳ ನಡುವೆ ಮಾತು ಒಯ್ಯಬಾರದು. ಹುಡುಗನ ಕಡೆಯವರು ಅಡುಗೆ ಬೈದದ್ದು ಕೇಳಿಸುತ್ತದೆ, ಹುಡುಗಿ ಬಾತ್‌ರೂಮಿನಲ್ಲಿ ಅತ್ತದ್ದು ಕೇಳಿಸುತ್ತದೆ. ಕಿವಿ ಮುಚ್ಚಿಕೊಂಡು ಫೋಟೋ ತೆಗೀಬೇಕು. ಮದುವೆ ಮುರಿದವನು ಅನ್ನಿಸಿಕೊಂಡರೆ ಆಮೇಲೆ ಒಬ್ಬರೂ ಕರೆಯಲ್ಲ."

"ಹಾಗಾದರೆ ಹೇಳಬೇಡಿ," ಅಂದೆ. "ನಾನು ಕೇಳುತ್ತೇನೆ. ಅಲ್ಲವಾದರೆ ಅಲ್ಲ ಅನ್ನಿ."

ನಾನು ಕೇಳುವ ಮೊದಲೇ ಅವರು ಹೇಳಿಬಿಟ್ಟರು. ಪ್ರಥಮ ಕೇಳಿದ ಸರ್ಪ್ರೈಸ್ ಇದು: ಹುಡುಗಿಗೆ ತಿಳಿಯದ ಹಾಗೆ ಅವಳ ದಿನಚರಿಯ ಫೋಟೋ. ಸ್ಟೇಷನ್, ಆಫೀಸಿನ ಗೇಟು, ತಿಂಡಿ ಗಾಡಿ. ಆರತಕ್ಷತೆಯಲ್ಲಿ ತೋರಿಸುವ ಫಿಲ್ಮು. ದಿಲೀಪರಿಗೆ ಇಷ್ಟವೇ ಆಯಿತಂತೆ. ನೀನು ಹೂವು ಕೊಳ್ಳುತ್ತಿರುವುದು, ಮಿಸಳ್ ತಿಂದು ಕಣ್ಣಲ್ಲಿ ನೀರು ತಂದುಕೊಂಡದ್ದು, ಎಲ್ಲ ಕಳಿಸಿದರಂತೆ. "ಹುಡುಗಿ ಎಷ್ಟು ಚಂದ ನಗ್ತಾಳೆ ಅಂತ ಒಂದು ಮಾತು ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಒಂದೇ ಪ್ರಶ್ನೆ. ಪಕ್ಕದಲ್ಲಿರುವುದು ಯಾರು? ಪ್ರತಿ ಫೋಟೋಗೂ ಅದೇ. ಪಕ್ಕದಲ್ಲಿರುವುದು ಯಾರು? ಆಮೇಲೆ ಹೇಳಿದ, ಅವಳ ಮುಖ ಬರದಿದ್ದರೂ ಪರವಾಗಿಲ್ಲ, ಜೊತೆಗೆ ಯಾರಿದ್ದಾರೆ, ಎಷ್ಟು ಹೊತ್ತು ಇದ್ದರು, ಅದು ಬೇಕು ಅಂತ. ಅದು ಮದುವೆ ಫೋಟೋ ಅಲ್ಲ ಕಾಕೂ."

ಮನೆಗೆ ಬಂದು ಶ್ರದ್ಧಾಗೆ ಫೋನ್ ಮಾಡಿದೆ. ಅವಳಿಗೂ ಇದೇ ಕೆಲಸ ಹೇಳಿದ್ದ. ಅವಳು ನಿನಗೆ ನೇರವಾಗಿ ಹೇಳಲು ಬಂದವಳು, ಹೇಳಲಾಗದೆ ಹೋದಳಂತೆ. ಅಂದರೆ ಈಗ ಮನೀಶ್ ಯಾವ ಕೆಲಸಕ್ಕೆ ಒಪ್ಪಿದ್ದಾನೆ ಅನ್ನುವುದನ್ನು ನಾನು ಬರೆಯಬೇಕಿಲ್ಲ.

ನಾನು ಹೆಚ್ಚು ಮಾಡಿ ನೋಡುತ್ತಿದ್ದೇನೆಯೇ? ಇವತ್ತು ಬೆಳಿಗ್ಗೆಯಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಇಲ್ಲ ಅನ್ನಿಸುತ್ತದೆ. ಶನಿವಾರ ಮನೆಗೆ ಬಾ. ಮೂವರೂ ಕೂತು ಮಾತಾಡೋಣ. ಕಾಗದ ಓದಿ ಹರಿದು ಹಾಕು.

ಅಮ್ಮ


ಐರೋಲಿ
16 ಅಕ್ಟೋಬರ್ 2025

ಅಮ್ಮ,

ನಾನು ಶನಿವಾರ ಬರಲಿಲ್ಲ ಅಂತ ನಿನಗೆ ಸಿಟ್ಟು ಬಂದಿರುತ್ತದೆ.

ನಿನ್ನ ಕಾಗದ ನಾನು ಹರಿದು ಹಾಕಲಿಲ್ಲ. ಮತ್ತೆ ಓದಬೇಕು ಅಂತ ಬ್ಯಾಗಿನಲ್ಲಿ ಇಟ್ಟುಕೊಂಡೆ. ಕಾರಿನಲ್ಲಿ ಪ್ರಥಮ ಅದನ್ನು ತೆಗೆದು ಮಡಿಲ ಮೇಲೆ ಹರಡಿದ. ಅದರ ಮೇಲೆ ಫೋನಿನ ಕ್ಯಾಮರಾ ಹಿಡಿದ. ಕನ್ನಡ ಅಕ್ಷರ ಅಳಿಸಿಹೋಗಿ ಅದೇ ಜಾಗದಲ್ಲಿ ಇಂಗ್ಲಿಷ್ ಬಂತು. ಅರ್ಧ ತಪ್ಪು ತಪ್ಪಾಗಿತ್ತು, ಆದರೆ ದಿಲೀಪ್ ಅನ್ನುವ ಹೆಸರು ಸರಿಯಾಗಿ ಬಂದಿತ್ತು. ಎಷ್ಟು ಸುಲಭ ಅಮ್ಮ. ನಮಗಿಬ್ಬರಿಗೂ ಅದು ಹೊಳೆಯಲೇ ಇಲ್ಲ.

ಅವನು ಕೂಗಾಡಲಿಲ್ಲ. ಅತ್ತ. ದುಡ್ಡಿನ ಮಾತಿನಲ್ಲಿ ಜಗಳವಾಗಿ ದಿಲೀಪ್ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಅಂದ. ಶ್ರದ್ಧಾ ದಿಲೀಪನ ಗೆಳತಿ ಅಂದ. ಆಮೇಲೆ, ಸರ್ಪ್ರೈಸ್ ಹೇಗೂ ಹಾಳಾಯಿತಲ್ಲ ಅಂತ ಫಿಲ್ಮು ತೋರಿಸಿದ. ಇನ್ನೂ ಪೂರ್ತಿ ಆಗಿಲ್ಲ. ಮನೀಶ್ ಮಾಡಿದ್ದು.

ಅಮ್ಮ, ಅದು ತುಂಬಾ ಚೆನ್ನಾಗಿದೆ. ನಾನು ಕೂದಲು ಸರಿಮಾಡಿಕೊಳ್ಳುವುದು, ಕಾಲಿನಿಂದ ಕಾಲು ತುರಿಸಿಕೊಳ್ಳುವುದು, ಟ್ರೇನ್ ಬರುವಾಗ ಕಣ್ಣು ಸಣ್ಣದು ಮಾಡುವುದು. ಇದೆಲ್ಲ ನಾನು ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿಲ್ಲ. ನೋಡುವಾಗ ಅಳು ಬಂತು. ಯಾವ ಥರದ ಅಳು ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಈ ಕಾಗದವನ್ನು ಅವನಿಗೆ ತೋರಿಸಿಯೇ ಕಳಿಸುತ್ತಿದ್ದೇನೆ. ಇನ್ನು ಮುಚ್ಚಿಡುವುದು ಬೇಡ ಅಂತ ನಾವು ಮಾತಾಡಿಕೊಂಡಿದ್ದೇವೆ.

ಶ್ರೀವಾಣಿ


ಡೊಂಬಿವಲಿ
4 ನವೆಂಬರ್ 2025

ವಾಣಿ,

ಪ್ರಥಮ, ನೀನೂ ಓದುತ್ತೀಯಾದ್ದರಿಂದ ನಿನಗೂ. ಫೋನ್ ಅಲುಗಾಡಿಸದೆ ಹಿಡಿ. ನಾನು ಇಂದು ಅಕ್ಷರ ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ.

ವಾಣಿ, ತುಳಸಿ ಪೂಜೆಗೆ ಕೋಪರಿಯಲ್ಲಿ ಎಲ್ಲರನ್ನೂ ಕೂರಿಸಿ ಫಿಲ್ಮು ಹಾಕಿದರು. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂಚನಕ್ಕ ಕಣ್ಣೊರೆಸಿಕೊಂಡು, "ನಮ್ಮ ಕಾಲದಲ್ಲಿ ಗಂಡ ಮದುವೆಯ ದಿನವೂ ಮುಖ ಎತ್ತಿ ನೋಡ್ತಿರ್ಲಿಲ್ಲ. ನಿಮ್ಮ ಮಗಳು ಪುಣ್ಯ ಮಾಡಿದ್ದಾಳೆ ಮಾರಾಯ್ರೆ" ಅಂದರು. ಅಪ್ಪನೂ ತಲೆಯಾಡಿಸಿದರು.

ನಾನು ನೋಡಿದ್ದನ್ನು ಹೇಳುತ್ತೇನೆ. ಸಂಜೆಯ ಐರೋಲಿ ಸ್ಟೇಷನ್. ಆಫೀಸು ಬಿಡುವ ಆ ಹೊತ್ತಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫಿಲ್ಮಿನಲ್ಲಿ ನೀನೊಬ್ಬಳೇ ನಿಂತಿದ್ದೀ. ಬೆಂಚು ಖಾಲಿ, ಮೆಟ್ಟಿಲು ಖಾಲಿ. ಟ್ರೇನು ಬಂದು ನಿಲ್ಲುತ್ತದೆ, ಒಬ್ಬರೂ ಇಳಿಯುವುದಿಲ್ಲ. ತಿಂಡಿ ಗಾಡಿಯ ಮುಂದೆ ನೀನು ಪಕ್ಕಕ್ಕೆ ತಿರುಗಿ ಬಾಯಿ ತುಂಬ ನಗುತ್ತೀ. ನೀನು ತಿರುಗಿದ ಕಡೆ ಬರೀ ಗೋಡೆ. ಆದರೆ ತಟ್ಟೆಗಳು ಎರಡು. ನೀನು ಗಾಳಿಯ ಹತ್ತಿರ ನಗುತ್ತಿದ್ದೀ ವಾಣಿ.

ಎಲ್ಲರೂ ಊಟಕ್ಕೆ ಎದ್ದಾಗ ನಾನು ಪ್ರಥಮನನ್ನು ನಿಲ್ಲಿಸಿದೆ. "ಇಲ್ಲಿ ಸಂಜನಾ ಇದ್ದಳಲ್ಲ?"

"ಡಿಸ್ಟರ್ಬೆನ್ಸ್ ಅತ್ತೆ. ಮನೀಶ್ ಕ್ಲೀನ್ ಮಾಡಿದ್ದಾನೆ. ಈಗ ಅದಕ್ಕೆಲ್ಲ ಸಾಫ್ಟ್‌ವೇರ್ ಉಂಟು."

"ಮತ್ತೆ ಸ್ಟೇಷನ್ನಿನ ಜನ?"

"ಅವರೆಲ್ಲ ಯಾರು ಅಂತ ನಿಮಗೆ ಗೊತ್ತುಂಟಾ? ಇಲ್ಲ ಅಲ್ವಾ? ಗೊತ್ತಿಲ್ಲದವರು ನಮ್ಮ ಫಿಲ್ಮಲ್ಲಿ ಎಂತಕ್ಕೆ?"

"ನಾನು ಆ ಮನೀಶನನ್ನು ನೋಡಬೇಕು."

"ನೋಡ್ಲಿಕ್ಕೆ ಸಿಗುದಿಲ್ಲ ಅತ್ತೆ." ಎಷ್ಟು ವಿನಯದಿಂದ ಹೇಳಿದ. "ಒಳ್ಳೆಯ ಫೋಟೋಗ್ರಾಫರ್ ಇದ್ದಾನೆ ಅಂತಲೇ ಗೊತ್ತಾಗಬಾರದು ಅಂತ ನೀವೇ ಹೇಳಿದ್ದು. ನೀವು ಹೇಳಿದ ಹಾಗೇ ಹುಡುಕಿದ್ದೇನೆ."

ಆಮೇಲೆ ನನಗೆ ತಾನೇ ಬಡಿಸಿದ. ಎರಡು ಸಲ ಪಾಯಸ ಹಾಕಿದ.

ದಾರಿಯಲ್ಲಿ ಅಪ್ಪನಿಗೆ ಹೇಳಿದೆ. "ಹುಡುಗ ಸ್ವಲ್ಪ ಹಚ್ಚಿಕೊಂಡಿದ್ದಾನೆ. ಅದೂ ತಪ್ಪಾ ಸುಗುಣಾ? ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಫೋಟೋದಲ್ಲಿ ಜನ ಇಲ್ಲ ಅಂತ ಮದುವೆ ನಿಲ್ಲಿಸಿದರೆ ಊರವರಿಗೆ ಎಂತ ಹೇಳುದು?" ಅಂದರು. ನಾನು ಕಂಡದ್ದನ್ನು ಬಾಯಲ್ಲಿ ಹೇಳಿದರೆ ಅದು ಯಾವಾಗಲೂ ಸಣ್ಣದಾಗಿಬಿಡುತ್ತದೆ.

ಕರೆಯೋಲೆ ಇನ್ನೂ ಹಂಚಿಲ್ಲ. ನಿನ್ನ ಪರವಾಗಿ ನಾನು ನಿರ್ಧಾರ ಮಾಡುವುದಿಲ್ಲ. ಬೇಡ ಅಂತ ನಿನಗೆ ಅನ್ನಿಸಿದರೆ ಹೇಳು. ನೆರೂಲಿನ ಹಾಲ್‌ನವರಿಗೆ, ಕಾಂಚನಕ್ಕನಿಗೆ, ಊರಿಗೆ ಹೇಳುವುದೆಲ್ಲ ನನಗೆ ಬಿಡು.

ಅಮ್ಮ


ಐರೋಲಿ
10 ನವೆಂಬರ್ 2025

ಅಮ್ಮ,

ನನಗೆ ಇಪ್ಪತ್ತಾರು ವರ್ಷ. ಯೋಚಿಸಿಯೇ ಒಪ್ಪಿದ್ದೇನೆ. ಕರೆಯೋಲೆ ಹಂಚಿ.

ಡಿಸೆಂಬರಿಗೆ ಕೆಲಸ ಬಿಡುತ್ತೇನೆ. ಕೋಪರಿಯಿಂದ ಓಡಾಡುವುದು ಕಷ್ಟ ಅಂತ ನನಗೇ ಅನ್ನಿಸಿತು. ಇನ್ನು ಕಾಗದ ಬರೆಯಬೇಕಾಗಿಲ್ಲ, ಠಾಣೆ ಎಷ್ಟು ದೂರ? ಪ್ರಥಮ ನಮಸ್ಕಾರ ಹೇಳಿದ್ದಾನೆ. ನಿನ್ನ ಅಕ್ಷರ ಈಗ ಫೋನಿಗೆ ಚೆನ್ನಾಗಿ ಅರ್ಥವಾಗುತ್ತದೆ ಅಂದ.

ಶ್ರೀವಾಣಿ


ಡೊಂಬಿವಲಿ
29 ಡಿಸೆಂಬರ್ 2025

ವಾಣಿ,

ಕಾಗದ ಬೇಡ ಅಂದಿದ್ದೆ ನೀನು. ಆದರೆ ಮದುವೆಯಾದ ಮೇಲೆ ನಿನ್ನ ಫೋನ್ ತೆಗೆಯುವುದು ಕಾಂಚನಕ್ಕ. ಸ್ನಾನಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ, ಈಗಷ್ಟೇ ಪ್ರಥಮನ ಜೊತೆ ಹೊರಗೆ ಹೋದಳು ಅನ್ನುತ್ತಾರೆ. ಮೊನ್ನೆ ನಾನೇ ಬಂದೆ. ನೀನು ಚಹಾ ತಂದುಕೊಟ್ಟು ನನ್ನ ಪಕ್ಕ ಕೂರದೆ ಎದುರಿನ ಕುರ್ಚಿಯಲ್ಲಿ ಕೂತೆ. ಹೇಗಿದ್ದೀ ಅಂದರೆ "ಚೆನ್ನಾಗಿದ್ದೇನೆ" ಅಂತ ನನಗಲ್ಲ, ನನ್ನ ತಲೆಯ ಮೇಲಿನ ಗೋಡೆಗೆ ಹೇಳಿದೆ. ಅಲ್ಲಿ ಏನಿತ್ತು ಎಂದು ನಾನು ಹೊರಡುವಾಗ ತಿರುಗಿ ನೋಡಿದೆ. ಸಣ್ಣದೊಂದು ಕ್ಯಾಮರಾ, ಕಳ್ಳರ ಭಯಕ್ಕೆ ಹಾಕಿಸಿದ್ದು ಎಂದರು ಕಾಂಚನಕ್ಕ.

ಮದುವೆಯ ದಿನವಿಡೀ ನಾನು ಮನೀಶನನ್ನು ಹುಡುಕಿದೆ. ಕ್ಯಾಮರಾ ಹಿಡಿದವರು ಹಲವರಿದ್ದರು, ಯಾರನ್ನು ಕೇಳಿದರೂ ಮನೀಶ್ ಸರ್ ಈಗ ಇಲ್ಲೇ ಇದ್ದರು ಅಂದರು.

ಈ ಕಾಗದ ಯಾರು ಯಾರು ಓದುತ್ತಾರೋ. ಹಾಗಾಗಿ ಇಷ್ಟೇ: ನಮ್ಮ ಮನೆಯಲ್ಲಿ ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ. ಕಾರಣ ಕೇಳುವುದಿಲ್ಲ.

ಅಮ್ಮ


ಕೋಪರಿ
21 ಜನವರಿ 2026

ಅಮ್ಮ,

ಇದನ್ನು ಬಾತ್‌ರೂಮಿನಲ್ಲಿ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಉಳಿದ ನನ್ನ ಸಾಮಾನು ಕೊಡಲು ಸಂಜನಾ ಬಂದಿದ್ದಾಳೆ. ಅತ್ತೆ ನಮ್ಮಿಬ್ಬರನ್ನೇ ಬಿಡುವುದಿಲ್ಲ, ಆದರೆ ಅವಳು ಶೂ ಹಾಕಿಕೊಳ್ಳುವಾಗ ಅವಳ ಬ್ಯಾಗಿಗೆ ಹಾಕುತ್ತೇನೆ. ಅವಳು ಇವತ್ತೇ ಡೊಂಬಿವಲಿಗೆ ಬಂದು ನಿನಗೆ ಕೊಡುತ್ತಾಳೆ. ಚಹಾ ಕೊಡುವಾಗ ಅವಳ ಕಿವಿಯಲ್ಲಿ ಅಷ್ಟು ಹೇಳಿದ್ದೇನೆ, ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮದುವೆಯ ಆಲ್ಬಮ್ ಬಂತು. ದೊಡ್ಡದು, ವೆಲ್ವೆಟ್ ಪೆಟ್ಟಿಗೆ. ಬಂದವರಿಗೆಲ್ಲ ಅತ್ತೆ ತೋರಿಸುತ್ತಾರೆ. ಎಲ್ಲರೂ ಚಂದ ಉಂಟು ಅನ್ನುತ್ತಾರೆ, ಚಂದವೇ ಇದೆ. ಅಪ್ಪ ಇದ್ದಾರೆ, ದೊಡ್ಡತ್ತೆ ಇದ್ದಾರೆ. ನೀನು ಎಲ್ಲೂ ಇಲ್ಲ. ಮೊದಲು ನಾನೇ ಪುಟ ಹಾರಿಸಿದೆ ಅಂದುಕೊಂಡೆ. ಅತ್ತೆಯನ್ನು ಕೇಳಿದರೆ, "ಹುಡುಗಿಯ ಅಮ್ಮ ಅಲ್ವಾ, ಒಂದು ಕಡೆ ನಿಲ್ಲುವವರಾ ಅವರು, ಅಡುಗೆಯವರ ಹಿಂದೆ ಓಡಾಡ್ತಿದ್ರೇನೋ" ಅಂದರು.

ಆದರೆ ಧಾರೆಯ ಫೋಟೋ ಇದೆ. ಇಡೀ ಪುಟದಷ್ಟು ದೊಡ್ಡದು. ಅಪ್ಪ ನಮ್ಮಿಬ್ಬರ ಕೈ ಹಿಡಿದಿದ್ದಾರೆ. ಅದರ ಮೇಲೆ ಗಿಂಡಿಯಿಂದ ನೀರು ಎರೆದವಳು ನೀನು. ಗಿಂಡಿ ಜಾಸ್ತಿ ಬಾಗಿತು, ನೀರು ನನ್ನ ಮೊಣಕೈವರೆಗೆ ಹರಿದು ರವಿಕೆ ಒದ್ದೆಯಾಯಿತು. ನೀನು ಮೆಲ್ಲಗೆ "ಅಯ್ಯೋ" ಅಂದೆ. ಅದು ನನಗೆ ನೆನಪಿದೆ. ಫೋಟೋದಲ್ಲಿ ನನ್ನ ರವಿಕೆಯ ತೋಳು ಒದ್ದೆಯಾಗಿದೆ. ಕೈಗಳ ಮೇಲೆ ನೀರು ಬೀಳುತ್ತಿದೆ. ಎರೆಯುವ ಕೈ ಇಲ್ಲ. ಗಿಂಡಿ ಇಲ್ಲ. ನೀರು ಮಾತ್ರ ಮೇಲಿನಿಂದ ಬೀಳುತ್ತಿದೆ.

ಪ್ರಥಮನನ್ನು ಕೇಳಿದೆ. ಅಮ್ಮ ಎಲ್ಲಿ ಅಂದೆ. ಟಿವಿ ನೋಡುತ್ತಿದ್ದವನು ತಿರುಗಲಿಲ್ಲ. "ಬೇಕಾದವರೆಲ್ಲ ಇದ್ದಾರಲ್ಲ" ಅಂದ. ಅದನ್ನು ಹೇಳಿದ ದನಿ ಎಷ್ಟು ಮೃದುವಾಗಿತ್ತು ಅಂದರೆ, ಇನ್ನು ಸ್ವಲ್ಪ ದಿನ ಇಲ್ಲಿದ್ದರೆ ನನ್ನ ನೆನಪೇ ತಪ್ಪು ಅಂತ ನಾನು ಒಪ್ಪಿಕೊಂಡುಬಿಡುತ್ತೇನೆ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಬಾ. ಅಪ್ಪನನ್ನೂ ಕರೆದುಕೊಂಡು ಬಾ, ಅವರು ಆ ಪುಟ ನೋಡಬೇಕು. ಪ್ರಥಮ ಹೋಟೆಲಿಗೆ ಹೋದ ಮೇಲೆ ಅತ್ತೆ ಪೂಜೆಗೆ ಕೂರುತ್ತಾರೆ. ಬಾಗಿಲಿನ ಮೇಲೂ ಕ್ಯಾಮರಾ ಇದೆ, ನೀವು ಬಂದದ್ದು ಅವನ ಫೋನಿಗೆ ಆಗಲೇ ಕಾಣಿಸುತ್ತದೆ. ಕಾಣಲಿ. ಹೋಟೆಲಿನಿಂದ ಇಲ್ಲಿಗೆ ಎರಡೇ ಗಲ್ಲಿ, ಆದ್ದರಿಂದ ಬಾಗಿಲಲ್ಲಿ ನಿಂತು ಮಾತಾಡಬೇಡ, ಅತ್ತೆಗೆ ಏನೂ ವಿವರಿಸಬೇಡ, ನನ್ನ ಸೀರೆ ಒಡವೆ ಯಾವುದನ್ನೂ ಕೇಳಬೇಡ.

ನಾನು ಚಪ್ಪಲಿ ಹಾಕಿಕೊಂಡೇ ಕೂತಿರುತ್ತೇನೆ.

ನಿನ್ನ ವಾಣಿ